ಕತ್ತರಿ ಹಲಗೆಯ ಮೇಲೆ

ದೇವರು ಮನುಷ್ಯನಿಗೆ ಬೆನ್ನ ಕಡೆ ಕಣ್ಣು ಕೊಡಲಿಲ್ಲ, ಅದಕ್ಕೇ ಒಡಹುಟ್ಟಿದವರನ್ನು ಕೊಟ್ಟ ಅಂತ ಹಿರಿಯರು ಹೇಳುತ್ತಿದ್ದರು. ಟೈಲರ್ ಅಕ್ಕನಿಗೆ ಆ ಮಾತು ನಾಟಿದ್ದು, ತಂಗಿ ಅವಳ ಗಾಲಿಕುರ್ಚಿಯ ದಿಂಬನ್ನು ತೊಳೆಯಲೆಂದು ಎಳೆದುಕೊಂಡು, ಮೂಸಿ, ಹಾಗೇ ನಿಂತುಬಿಟ್ಟ ಬೆಳಗ್ಗೆ.

"ಏನೇ ಅದು?"

"ಏನಿಲ್ಲಕ್ಕ. ಕಲೆ."

"ಎಂಥ ಕಲೆ?"

ತಂಗಿ ದಿಂಬನ್ನು ಬೆನ್ನ ಹಿಂದೆ ಸರಿಸಿದಳು.

ಹಿಂದೆ ಮಹಡಿಯಿಂದ ಬಿದ್ದ ಮೇಲೆ ಅಕ್ಕನಿಗೆ ಸೊಂಟದ ಕೆಳಗೆ ಕೆಂಡ ಇಟ್ಟರೂ ತಿಳಿಯದು. ಈಗ ಜ್ವರ ಹತ್ತಿ ವಾರವಾಗಿತ್ತು. ಎದುರಿನ ಕ್ಲಿನಿಕ್ಕಿಗೆ ಬರೀ ಮೆಟ್ಟಿಲು. ಡಾಕ್ಟರಮ್ಮನೇ ಇಳಿದು ಬಂದು, ಬೀದಿಯಲ್ಲೇ ನಾಡಿ, ನಾಲಿಗೆ ನೋಡಿ ಮಾತ್ರೆ ಕೊಡುತ್ತಿದ್ದರು. "ಊರವರೆಲ್ಲ ಹತ್ತಬೇಕು, ನನಗೆ ಅವರೇ ಇಳೀತಾರೆ. ರಾಜಮರ್ಯಾದೆ ಕಣೇ" ಎಂದು ಅಕ್ಕ ನಗುತ್ತಿದ್ದಳು. ಆ ಮರ್ಯಾದೆಯಲ್ಲಿ ಇಷ್ಟು ವರ್ಷ ಅವಳನ್ನು ಕುರ್ಚಿಯಿಂದ ಸರಿಸಿ ನೋಡಿದವರೇ ಇಲ್ಲ. ಅವಳೂ ಕೇಳಿರಲಿಲ್ಲ. ಒಮ್ಮೆ ದೊಡ್ಡಾಸ್ಪತ್ರೆಯ ಎತ್ತರದ ಮೇಜಿಗೆ ಎತ್ತಲು ಹೋದವರು ಅವಳನ್ನು ಕೈತಪ್ಪಿ ಬೀಳಿಸಿದ್ದರು. ತೊಡೆಯ ಮೂಳೆ ಮುರಿದದ್ದು, ಕಾಲು ಊದಿದ ಮೇಲೆ ಗೊತ್ತಾಗಿತ್ತು. ಅಂದಿನಿಂದ ಯಾರಾದರೂ ಕಂಕುಳಿಗೆ ಕೈ ಹಾಕಿದರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು.

ತಂಗಿ ಓಡಿಹೋಗಿ ಡಾಕ್ಟರಮ್ಮನನ್ನು ಮನೆಗೇ ಕರೆತಂದಳು.

"ಮಲಗಿಸಿ ನೋಡಬೇಕು. ನಾಲ್ಕು ಜನ ಹಿಡಿದು ನನ್ನ ಮೇಜಿಗೆ ಎತ್ತಿದರೆ..."

"ಎತ್ತೋದು ಬೇಡಮ್ಮ." ಅಕ್ಕನ ಕೈ ಚಕ್ರವನ್ನು ಬಿಗಿಹಿಡಿಯಿತು. "ಜ್ವರದಲ್ಲೇ ಹೋಗ್ತೀನಿ."

"ಹೋಗ್ತಾಳಂತೆ," ಅಂದಳು ತಂಗಿ. "ಜನರ ಬಟ್ಟೆಯೆಲ್ಲ ಅರ್ಧಂಬರ್ಧ ಹೊಲಿದಿಟ್ಟು ಹೋಗು. ಅವರು ಬಂದು ನನ್ನ ಚರ್ಮ ಸುಲೀಲಿ."

ಡಾಕ್ಟರಮ್ಮ ಕೋಣೆಯನ್ನೊಮ್ಮೆ ನೋಡಿದರು. ಕಿಟಕಿಯ ಕೆಳಗೆ ಬಟ್ಟೆ ಕತ್ತರಿಸುವ ಅಗಲ ಹಲಗೆಯಿತ್ತು. ಅಕ್ಕ ಅದನ್ನು ಕುರ್ಚಿಯ ಮಟ್ಟಕ್ಕೇ ಮಾಡಿಸಿಕೊಂಡಿದ್ದಳು.

"ಇದರ ಮೇಲೆ ಹೋಗ್ತೀರಾ?"

"ಪರದೆ ಕತ್ತರಿಸುವಾಗ ತೋಳೂರಿ ಜರುಗ್ತೀನಿ."

"ಹಾಗಾದರೆ ಜರುಗಿ. ನಾವು ಮುಟ್ಟಲ್ಲ."

ಅಕ್ಕ ದೇವರ ಹೆಸರು ಹೇಳಿಕೊಂಡು ಜರುಗಿದಳು, ಬೋರಲಾದಳು. ಮೂಗಿಗೆ ಗುರುತಿನ ಸೀಮೆಸುಣ್ಣದ ವಾಸನೆ ಬಡಿಯಿತು. ಎಷ್ಟೋ ಜನರ ಅಳತೆಯ ಬಟ್ಟೆ ಹಾಸಿದ ಜಾಗದಲ್ಲಿ ಈಗ ಅವಳೇ ಹಾಸಿಕೊಂಡಿದ್ದಳು. ಹಿಂದೆ ಬಟ್ಟೆ ಸರಿದ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ. ಮುಟ್ಟಿದ್ದಾರೋ ಇಲ್ಲವೋ, ಅದೂ ತಿಳಿಯದು.

ಗಿರಾಕಿಗಳು ಅಂಗಿ ತೊಟ್ಟು ನೋಡಿಕೊಳ್ಳುವ ಕನ್ನಡಿ ಎದುರಿಗಿತ್ತು. ಅದರಲ್ಲಿ ಗಾಯ ಕಾಣಲಿಲ್ಲ, ತಂಗಿಯ ಮುಖ ಕಂಡಿತು. ಆ ಮುಖದಲ್ಲಿ ರಕ್ತವಿರಲಿಲ್ಲ.

"ಎಷ್ಟಿದೆಯೇ?"

ತಂಗಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಂಗೈಯಷ್ಟು," ಅಂದರು ಡಾಕ್ಟರಮ್ಮ. ದನಿ ತಗ್ಗಿತ್ತು. "ಕೂತು ಕೂತು ಆದ ಹುಣ್ಣು. ಆಳಕ್ಕಿಳಿದಿದೆ. ಜ್ವರ ಇದರದ್ದೇ. ನಾನು ನಾಲಿಗೆ ನೋಡ್ತಾ ಕೂತೆ."

"ಉಳೀತೀನಾ?"

"ಇವತ್ತೇ ದೊಡ್ಡಾಸ್ಪತ್ರೆಗೆ ಹೋದರೆ ಉಳೀತೀರಿ. ಹೋಗ್ತೀರಾ?"

ಅಕ್ಕ ಹಲಗೆಯ ಅಂಚನ್ನು ಹಿಡಿದಳು.

"ಅಲ್ಲಿ ಮೇಜು ಎಷ್ಟು ಎತ್ತರ?"

ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಅವರು ಫೋನು ತೆಗೆದು ಆಸ್ಪತ್ರೆಗೆ ಹಚ್ಚಿದರು. ತಂಗಿ ಗೋಡೆಯ ಮೊಳೆಯಿಂದ ಅಳತೆಪಟ್ಟಿ ತೆಗೆದು, ಬಗ್ಗಿ, ನೆಲದಿಂದ ಹಲಗೆಯವರೆಗೆ ಹಿಡಿದುಕೊಂಡು ಕೂತಳು.

ಆ ಕಡೆ ಫೋನು ರಿಂಗಾಗುತ್ತಲೇ ಇತ್ತು.