ಚಪ್ಪಲಿ ಕಾಯುವ ಕೆಲಸ

ಜೊತೆಗೆ ಜೊತೆ ಸೇರಿಸಿ ಚಪ್ಪಲಿಗಳನ್ನೆಲ್ಲ ಬೇವಿನ ಮರದ ನೆರಳಿಗೆ ಸರಿಸಿದೆ. ಅಣ್ಣ ಹನುಮಂತ್ರಾಯ ಆವತ್ತು ಬೆಳಿಗ್ಗೆಯಷ್ಟೇ ರಾಯಚೂರು ಬಜಾರಿನಲ್ಲಿ ಕೊಂಡಿದ್ದ ನೀಲಿ ಪಟ್ಟಿಯ ಹವಾಯಿ ಚಪ್ಪಲಿಯ ಧೂಳನ್ನು ಸೆರಗಿನಿಂದ ಒರೆಸಿದೆ. ಅಷ್ಟು ಹೊತ್ತಿಗೆ ಮನೆಯವರೆಲ್ಲ ಬರಿಗಾಲಲ್ಲಿ ಕೋಟೆ ಗುಡ್ಡವನ್ನು ಅರ್ಧ ಹತ್ತಿದ್ದರು.

ವರ್ಷಕ್ಕೊಮ್ಮೆ ಮಾನ್ವಿಯಿಂದ ಬಂದು ಗುಡ್ಡದ ಮೇಲಿನ ದರ್ಗಾದಲ್ಲಿ ಮುಲ್ಲಾನ ಕೈಲಿ ಸಕ್ಕರೆ ಓದಿಸಿ ಹಂಚುವುದು ನಮ್ಮ ಮನೆಯ ಪದ್ಧತಿ. ಕೆಳಗೆ ಕೂತು ಚಪ್ಪಲಿ ಕಾಯುವುದು ನನ್ನ ಕೆಲಸ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಾಗಿನಿಂದ ಹೀಗೇ. ನೀರಮಾನ್ವಿ ಎಲ್ಲಮ್ಮನ ಗುಡಿಯಿರಲಿ, ದೇವದುರ್ಗದ ಮದುವೆಯಿರಲಿ, ಅವ್ವ ಅದೇ ಮಾತು ಹೇಳುತ್ತಿದ್ದಳು: "ಅಯ್ಯಮ್ಮ ಕುಂದರ್ತಾಳ ಬಿಡ್ರಿ. ಆಕಿಗೆ ಮಂದಿ ಅಂದ್ರ ನಾಚಿಕಿ."

ನಾಚಿಕೆ ನಿಜ. ಆದರೆ ಕೂತು ಕೂತು ನನಗೆ ಊರುಗಳ ಬದಲು ಹಿಮ್ಮಡಿಗಳು ಗುರುತಾಗಿದ್ದವು. ಅತ್ತಿಗೆ ಬಸವಂತಮ್ಮನ ಚಪ್ಪಲಿ ಒಳಬದಿಗೆ ಸವೆಯುತ್ತದೆ. ಅಪ್ಪನದು ಸವೆಯುವ ಮೊದಲೇ ಹೆಬ್ಬೆರಳು ತೂರಿಸುವ ಉಂಗುಷ್ಟ ಕಿತ್ತುಕೊಳ್ಳುತ್ತದೆ.

ಯುಗಾದಿ ಕಳೆದರೆ ನನ್ನ ಮದುವೆ, ಅರಕೇರಾಕ್ಕೆ. "ಅವರ ಮನ್ಯಾಗ ಹೆಣ್ಮಕ್ಕಳು ಊರು ದಾಟಂಗಿಲ್ಲ" ಎಂದು ಅತ್ತಿಗೆ ಮೆಚ್ಚಿಕೊಂಡೇ ಹೇಳಿದ್ದಳು. ಆ ಮಾತು ಕೇಳಿದಂದಿನಿಂದ ಈ ಗುಡ್ಡವೇ ನನ್ನ ಕಣ್ಣ ಮುಂದಿತ್ತು.

ಪಕ್ಕದಲ್ಲಿ ಊದುಬತ್ತಿ ಮಾರುವ ಮುನವ್ವರ್ ಬೀ ನನ್ನನ್ನೇ ನೋಡುತ್ತಿದ್ದಳು.

"ಹೋದ ವರ್ಷಾನೂ ನೀನಽ ಕುಂತಿದ್ದಿ ಅಲ್ಲೇನ್ ಬೇ? ಮ್ಯಾಲ ಏನದ, ಗೊತ್ತೇನ್?"

"ಇಲ್ರೀ."

"ಥೂ ನಿನ್ನ! ಹೋಗಿ ನೋಡು."

"ಚಪ್ಪಲಿ ಕಳುವಾಗ್ತಾವ್ರೀ."

"ನಾ ನೋಡ್ತೀನಿ. ಆದ್ರ ನನ್ನ ಕಣ್ಣು ಕಚ್ಚಾ, ಸರಿ ಕಾಣಂಗಿಲ್ಲ, ಮತ್ತ ನನ್ನ ಬೈಬ್ಯಾಡ."

ಎದ್ದೆ. ಒಮ್ಮೆ ಹಿಂತಿರುಗಿ ನೋಡಿದೆ. ಆಮೇಲೆ ಲಂಗ ಎತ್ತಿ ಹಿಡಿದು ಹತ್ತಿದೆ, ಬಂಡೆಯ ಬಿಸಿಗೆ ಅಂಗಾಲು ಚುರುಗುಟ್ಟುತ್ತಿದ್ದರೂ ನಿಲ್ಲಲಿಲ್ಲ.

ಮೇಲೆ ಗಾಳಿ ಎಷ್ಟಿತ್ತೆಂದರೆ ಸೆರಗು ಕೈಗೆ ಸಿಗಲಿಲ್ಲ. ಕೆಳಗೆ ಕೆರೆ, ಮಾಳಿಗೆಗಳ ಮೇಲೆ ಒಣಹಾಕಿದ ಮೆಣಸಿನಕಾಯಿ, ಅಕ್ಕಿ ಗಿರಣಿಗಳ ಹೊಗೆ. ಅದರಾಚೆ ರೈಲು. ಸ್ಟೇಷನ್ನಿನಲ್ಲಿ ನಿಂತು ನೋಡಿದರೆ ಒಂದು ಡಬ್ಬಿಯಷ್ಟೇ ಕಾಣುವ ರೈಲು ಇಲ್ಲಿಂದ ಎಂಜಿನ್ನಿನಿಂದ ಕಡೆಯ ಡಬ್ಬಿಯವರೆಗೆ ಇಡಿಯಾಗಿ ಕಂಡಿತು. ಹೊಲದೊಳಗೆ ಅದು ನಿಧಾನಕ್ಕೆ ಬಾಗಿತು. ನನಗೆ ನಗು ಬಂತು. ಸುತ್ತಲೂ ಮಂದಿಯಿದ್ದರು, ಅವರೆದುರೇ ನಕ್ಕೆ.

"ಅಯ್ಯಮ್ಮ! ಚಪ್ಪಲಿ ಎಲ್ಲಿ?" ಅವ್ವ ಹಿಂದಿನಿಂದ ಕೂಗಿದಳು.

ನಾನು ರೈಲಿನ ಕಡೆ ಕೈ ತೋರಿಸಿದೆ. ಅವಳು ಅತ್ತ ನೋಡಲಿಲ್ಲ.

ಎಲ್ಲರೂ ದಡಬಡ ಇಳಿದರು. ಹಳೆಯವು ಇಟ್ಟಲ್ಲೇ ಇದ್ದವು. ಅಣ್ಣನ ಹೊಸವು ಇರಲಿಲ್ಲ.

"ನಾ ಮೊದಲಽ ಹೇಳಿದ್ದೆ" ಎಂದು ಮುನವ್ವರ್ ಬೀ ಊದುಬತ್ತಿ ಜೋಡಿಸತೊಡಗಿದಳು.

"ಒಂದಿನಾನೂ ಹಾಕ್ಕೊಂಡಿಲ್ಲಲೇ!" ಎಂದ ಅಣ್ಣ. ಕಾದ ರಸ್ತೆಯ ಮೇಲೆ ಅವನು ಕುಣಿಯುತ್ತ ನಡೆದರೆ, ಅತ್ತಿಗೆ ನನ್ನ ಕಡೆ ತಿರುಗಿ, "ಅಕ್ಕಾರು ಹವಾ ತಿನ್ನಾಕ ಹೋಗಿದ್ರು! ಅರಕೇರಾದಾಗ ಹಿಂಗ ಮಾಡಿದ್ರ ನಮ್ಮ ಮಾರಿಗೆ ಉಗುಳ್ತಾರ" ಎಂದಳು. ಬಸ್ ಸ್ಟ್ಯಾಂಡ್ ಮುಟ್ಟುವ ಮೊದಲೇ ಅಪ್ಪ ಒಂದು ಅಂಗಡಿಯಲ್ಲಿ ಅಂಥದೇ ನೀಲಿ ಪಟ್ಟಿಯ ಜೊತೆ ಕೊಡಿಸಿದ. ಅಣ್ಣ ಮೆಟ್ಟಿ ನೋಡಿ, "ಆ ಜೋಡಿಗಿಂತ ಇವು ಮೆತ್ತಗ ಅದಾವ" ಎಂದ. ಆದರೂ ಯಾರ ಸಿಟ್ಟೂ ಇಳಿಯಲಿಲ್ಲ.

ಮಾನ್ವಿ ಬಸ್ಸು ಊರು ಬಿಟ್ಟಿತು. ಕಿಟಕಿಯಲ್ಲಿ ಗುಡ್ಡ ಸಣ್ಣದಾಗುತ್ತ ಹೋಯಿತು. ನಾನು ಮುಂದಿನ ಸೀಟಿನಲ್ಲಿದ್ದ ಅಪ್ಪನಿಗೆ, ಎಲ್ಲರಿಗೂ ಕೇಳುವಂತೆ ಹೇಳಿದೆ:

"ಯಪ್ಪಾ, ನನ್ನ ಮದುವಿಗಿಂತ ಮೊದಲು ಇನ್ನೊಂದ್ಸಲ ಕರ್ಕೊಂಡು ಬಾ. ಎಲ್ಲಾರ ಜೋಡಿ ನಾನೂ ಹತ್ತತೀನಿ."

ಕಂಡಕ್ಟರ್ ಬಂದು ಟಿಕೀಟು ಕೊಟ್ಟು ಹೋದ. ಅಪ್ಪ ತಿರುಗದೆ ಟಿಕೀಟುಗಳನ್ನು ಎಣಿಸಿ ಜೇಬಿಗಿಟ್ಟ.