ಅಳಿಸಿದ ದನಿ

ಮದುವೆ ವಿಡಿಯೊದಲ್ಲಿ ಎಲ್ಲರೂ ಇರುತ್ತಾರೆ, ಕ್ಯಾಮೆರಾ ಹಿಡಿದವನೊಬ್ಬನನ್ನು ಬಿಟ್ಟು. ಹೆಚ್ಚೆಂದರೆ ‘ಈ ಕಡಿ ನೋಡ್ರಿ, ನಗ್ರಿ’ ಎನ್ನುವ ಅವನ ದನಿ ಕೇಳಿಸೀತು. ಅದನ್ನೂ ಅಳಿಸಿ ಮೇಲೊಂದು ಸಿನಿಮಾ ಹಾಡು ಹಚ್ಚುವುದು ಎಡಿಟಿಂಗಿಗೆ ಕೂತವರ ಕೆಲಸ. ರಾಯಚೂರಿನ ಕುತುಬುದ್ದೀನರ ಸ್ಟುಡಿಯೊದಲ್ಲಿ ಕ್ಯಾಮೆರಾ ಸೊಹೇಲನದು, ಎಡಿಟಿಂಗ್ ಅವನ ಹೆಂಡತಿ ನಿಗಾರಳದು. ವರ್ಷಗಟ್ಟಲೆ ಗಂಡ ಮಾತಾಡಿದ, ಹೆಂಡತಿ ಅಳಿಸಿದಳು. ಚಂದದ ಸಂಸಾರ!

ಹೋದ ವರ್ಷ ದೇವದುರ್ಗದ ಮದುವೆ ಮುಗಿಸಿ ಬರುವಾಗ ಬೈಕು ಲಾರಿಗೆ ಬಡಿದು ಸೊಹೇಲ್ ಹೋಗಿಬಿಟ್ಟ. ಕ್ಯಾಮೆರಾ, ಫೋನು ಅವನ ಜೊತೆಗೇ ಪುಡಿಯಾದವು. ಮನೆಯಲ್ಲಿ ಈಗ ಅವನ ಫೋಟೊಗಳಿವೆ, ದನಿ ಇಲ್ಲ. ಕುಕ್ಕರಿನ ಸೀಟಿ ಬಿಟ್ಟರೆ ಅಲ್ಲಿ ಸದ್ದು ಮಾಡುವವರೂ ಇಲ್ಲ. ಅವನು ಹೇಗೆ ಮಾತಾಡುತ್ತಿದ್ದ ಎಂಬುದೇ ಮರೆಯುತ್ತಿದೆಯಲ್ಲ ಎಂದು ನಿಗಾರಳಿಗೆ ದಿಗಿಲು.

ದನಿ ಉಳಿದಿದ್ದರೆ ಅವಳ ಕೈ ತಾಗದ ಮೂಲ ವಿಡಿಯೊಗಳಲ್ಲಿ ಉಳಿದಿರಬೇಕು. ಅವು ಸ್ಟುಡಿಯೊದ ಹಿಂದಿನ ಕೋಣೆಯ ಬ್ಯಾಕಪ್ ಸರ್ವರಿನಲ್ಲಿದ್ದವು. ಆ ಸರ್ವರನ್ನು ಕುತುಬುದ್ದೀನರು ಮಾನ್ವಿಯ ಹುಲಗಪ್ಪನಿಗೆ ಮಾರಿದ್ದರು. ಅವನು ಇವತ್ತು ಸಂಜೆ ಬಂದು ಒಯ್ಯುವವನಿದ್ದ. ಮಂದಿಯ ಮನೆ ಹೆಣ್ಣುಮಕ್ಕಳ ವಿಡಿಯೊ ಕಂಡವರ ಕೈಗೆ ಹೋಗಬಾರದು, ಎಲ್ಲ ಅಳಿಸಿಯೇ ಕೊಡಬೇಕೆಂದು ಕುತುಬುದ್ದೀನರ ಹಟ. ಅಳಿಸಿ ಕೊಡುತ್ತೇನೆಂದು ನಿಗಾರಳೇ ಒಪ್ಪಿಕೊಂಡಿದ್ದಳು. ನ್ಯಾಯವೇ. ಆದರೆ ಸತ್ತ ಗಂಡನ ದನಿ ಬೇಕು, ತಡೆಯಿರಿ ಎಂದು ಮಾಲೀಕರ ಮುಂದೆ ಬಾಯಿಬಿಡುವುದು ಹೇಗೆ?

ಸೊಹೇಲ್ ಕೊನೆಗೆ ತಂದು ಹಾಕಿದ್ದ ನೀರಮಾನ್ವಿಯ ಮದುವೆಯ ವಿಡಿಯೊವನ್ನು ಬೆಳಿಗ್ಗೆಯೇ ತನ್ನ ಕಂಪ್ಯೂಟರಿಗೆ ಇಳಿಸಲು ಹಚ್ಚಿದಳು. ನಾಳೆ ಮಧ್ಯಾಹ್ನಕ್ಕೆ ಮುಗಿಯುತ್ತದೆ ಎಂದು ಪರದೆ ಹೇಳಿತು. ಡಿಸ್ಕು ಕೆಟ್ಟಿರಬೇಕು ಎಂದುಕೊಂಡಳು. ಅದೇ ವಿಡಿಯೊವನ್ನು ಸರ್ವರಿನೊಳಗೇ ಇನ್ನೊಂದು ಕಡೆಗೆ ನಕಲು ಮಾಡಿ ನೋಡಿದರೆ ಸರಸರನೆ ಆಯಿತು. ತನ್ನ ಕಂಪ್ಯೂಟರಿನಲ್ಲೂ ದೋಷವಿರಲಿಲ್ಲ. ಹಾಗಾದರೆ ನಡುವಿನ ವೈರು.

ಹಿಂದಿನ ಕೋಣೆಗೆ ಹೋದಳು. ವೈರು ಸೇರುವಲ್ಲಿ ಪೂರ್ತಿ ವೇಗವಿದ್ದರೆ ಉರಿಯಬೇಕಾದ ಹಸಿರು ದೀಪ ಉರಿಯುತ್ತಿರಲಿಲ್ಲ. ಪ್ಲಗ್ಗು ಕಿತ್ತಳು. ಒಳಗಿನ ತಂತಿಗಳಿಗೆ ಕಿಲುಬು ಹಿಡಿದಿತ್ತು.

ಎದುರಿಗೇ ಕೂಲರು ನೀರುಗಾಳಿ ಊದುತ್ತಿತ್ತು. ರಾಯಚೂರಿನ ಬಿಸಿಲಿಗೆ ಹೆದರಿ ಸೊಹೇಲನೇ ಅದನ್ನು ಸರ್ವರಿನ ಕಡೆ ತಿರುಗಿಸಿದ್ದ. ನಾವು ಸೆಕೆ ತಡೆದೇವು, ಇದು ತಡೆಯುವುದಿಲ್ಲ ಎಂದಿದ್ದ. ಅವನು ಹೋದ ಮೇಲೆ ಕುತುಬುದ್ದೀನರು ಕೂಲರನ್ನು ಸರಿಸಲು ಬಂದರೆ ಇವಳು ಬಿಟ್ಟಿರಲಿಲ್ಲ. ಅವನು ಇಟ್ಟ ಹಾಗೇ ಇರಲಿ ಎಂದು ದಿನಾ ತಾನೇ ನೀರು ತುಂಬಿದ್ದಳು. ಅವನ ದನಿಯ ದಾರಿಗೆ ಅಡ್ಡ ಕೂತವಳು ತಾನೇ ಎಂದು ತಿಳಿದು ಅವಳಿಗೆ ಅಳು ಬಂತು.

ಅತ್ತದ್ದು ಸಾಕೆಂದು ಕಿಲುಬಿನ ತುದಿ ಕತ್ತರಿಸಿ, ಹೊಸ ಪ್ಲಗ್ಗು ಹಾಕಿ, ಕೂಲರನ್ನು ಗೋಡೆಗೆ ತಿರುಗಿಸಿದಳು. ಹಸಿರು ದೀಪ ಹತ್ತಿತು. ಹುಲಗಪ್ಪ ಬಂದು ಹೊರಗೆ ಚಹಾ ಕುಡಿಯುವಷ್ಟರಲ್ಲಿ ವಿಡಿಯೊ ಇಳಿದಿತ್ತು. ಉಳಿದವಕ್ಕೆ ಹೊತ್ತಿರಲಿಲ್ಲ. ಕೊಟ್ಟ ಮಾತಿನಂತೆ ಸರ್ವರನ್ನು ಪೂರ್ತಿ ಅಳಿಸಿದಳು. ಹುಲಗಪ್ಪ ಅದನ್ನು ಹೊತ್ತೊಯ್ದ.

ಬಾಗಿಲು ಹಾಕಿಕೊಂಡು ಹೆಡ್‌ಫೋನ್ ಹಚ್ಚಿದಳು. ಬ್ಯಾಂಡಿನ ಗದ್ದಲ, ಮಕ್ಕಳ ಕಿರುಚಾಟ. ಆಮೇಲೆ ಕಿವಿಯ ಹತ್ತಿರವೇ ಅವನು:

“ಯವ್ವಾ, ಸ್ವಲ್ಪ ಈ ಕಡಿ ಸರೀರಿ. ಹಾಂ, ಹಂಗ ನಿಂದರ್ರಿ.” ಒಂದು ಗಳಿಗೆ ಬಿಟ್ಟು, ಸಣ್ಣ ದನಿಯಲ್ಲಿ, ಎಡಿಟಿಂಗಿಗೆ ಕೂರುವವಳಿಗೆ: “ನಿಗಾರ್, ಇಲ್ಲಿ ನಾ ಭಾಳ ಮಾತಾಡೀನಿ. ತೆಗದುಬಿಡು.”

ರೂಢಿಬಿದ್ದ ಬೆರಳು ಆಗಲೇ ಅಳಿಸುವ ಕೀಲಿಯ ಮೇಲಿತ್ತು. ನಿಗಾರ್ ಅದನ್ನು ಎತ್ತಿಕೊಂಡಳು.

“ತೆಗಿಯಂಗಿಲ್ಲ,” ಎಂದಳು ಗಟ್ಟಿಯಾಗಿ, ಯಾರೂ ಇಲ್ಲದ ಕೋಣೆಯಲ್ಲಿ.