ಬಾಯಿ ಆಡಿಸಿದರೆ ಸಾಕು

ಶ್ರುತಿ ಮೇಷ್ಟ್ರು ಎಂದು ಜನ ಕರೆಯುತ್ತಿದ್ದರೂ ಅವನು ಯಾರಿಗೂ ಪಾಠ ಹೇಳಿದವನಲ್ಲ. ಹಾರ್ಮೋನಿಯಂ ರಿಪೇರಿ ಅವನ ಕಸುಬು. ಪೆಟ್ಟಿಗೆ ಬಿಚ್ಚಿ, ದನಿ ಹೊರಡಿಸುವ ಹಿತ್ತಾಳೆಯ ರೀಡುಗಳನ್ನು ಕೂದಲೆಳೆಯಷ್ಟು ಕೆರೆದು ಸ್ವರ ಸರಿಮಾಡುತ್ತಿದ್ದ. ಎಷ್ಟು ಕೆರೆದರೂ ದಾರಿಗೆ ಬಾರದ ರೀಡಿನಡಿ ಒಂದು ಚೂರು ಕಾಗದ ಸಿಕ್ಕಿಸಿ ಅದರ ಬಾಯಿ ಮುಚ್ಚಿಸುತ್ತಿದ್ದ. ಅಂಥ ಕಿವಿಯವನನ್ನು ಚರ್ಚಿನವರು ಬಿಟ್ಟಾರೆಯೇ? ಗಾಯಕವೃಂದವನ್ನೂ ಅವನ ತಲೆಗೇ ಕಟ್ಟಿದ್ದರು.

ವೃಂದದ ಎರಡನೆಯ ಸಾಲಿನಲ್ಲಿ ಅವನ ಅತ್ತಿಗೆ ನಿಲ್ಲುತ್ತಿದ್ದಳು. ಅವನಿಗೆ ಐದು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಆಮೇಲೆ ಎತ್ತಿ ಆಡಿಸಿ ಸಾಕಿದವಳು ಈ ಅಣ್ಣನ ಹೆಂಡತಿಯೇ. ಮನಸ್ಸು ಬೆಣ್ಣೆ, ದನಿಗೆ ಮಾತ್ರ ದೇವರೇ ಗತಿ. ರಾಗ ಎಡಕ್ಕೆ ತಿರುಗಿದರೆ ಅವಳು ಬಲಕ್ಕೆ ತಿರುಗಿ, ಹಾಡಿನ ಮುಂದಿನ ಸಾಲಿನಲ್ಲಿ ಎಲ್ಲರಿಗಾಗಿ ಕಾಯುತ್ತಿದ್ದಳು. ಆದರೂ ಹನ್ನೊಂದು ವರ್ಷ ಒಂದು ಭಾನುವಾರವೂ ತಪ್ಪಿಸಿದವಳಲ್ಲ.

ಚರ್ಚಿಗೆ ನೂರು ವರ್ಷ ತುಂಬಿದ ಸಮಾರಂಭಕ್ಕೆ ಬೈಬಲಿನ ಕೀರ್ತನೆಗಳಲ್ಲಿ ಕಟ್ಟಕಡೆಯದನ್ನು ಹಾಡುವುದೆಂದು ನಿಶ್ಚಯವಾಗಿತ್ತು. ಹಿಂದಿನ ದಿನ ಅಭ್ಯಾಸ ಮುಗಿದ ಮೇಲೆ ಅವನು ಅತ್ತಿಗೆಯನ್ನು ಕುರ್ಚಿ ಪೇರಿಸಿಟ್ಟ ಮೂಲೆಗೆ ಕರೆದ.

"ಅತ್ತಿಗೆ, ನಾಳೆ ಹೊರಗಿನವರು ತುಂಬಾ ಜನ ಬರ್ತಾರೆ. ನೀವು ಸುಮ್ನೆ ಬಾಯಿ ಆಡಿಸಿದ್ರೆ ಸಾಕು. ಯಾರಿಗೂ ಗೊತ್ತಾಗಲ್ಲ."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ನಕ್ಕಳು. "ಅದಕ್ಕೇನಂತೆ ಮಗು. ಇದನ್ನ ಮೊದಲೇ ಹೇಳ್ಬಾರದಿತ್ತಾ? ಇಷ್ಟು ವರ್ಷ ನಿನಗೆಷ್ಟು ಕಷ್ಟ ಆಯ್ತೋ ಏನೋ."

ಬೈದಿದ್ದರೆ ಚೆನ್ನಾಗಿತ್ತು. ಬೈದವರ ಜೊತೆ ಜಗಳವಾಡಿ ಮರೆತುಬಿಡಬಹುದು.

ಮರುದಿನ ಹಾಡು ಎಳೆ ತಪ್ಪದೆ ಸಾಗಿತು. ಅತ್ತಿಗೆ ಎಲ್ಲರಿಗಿಂತ ಅಗಲವಾಗಿ ಬಾಯಿ ತೆರೆಯುತ್ತಿದ್ದಳು, ಮುಖ ಅರಳಿತ್ತು, ದನಿಯಿರಲಿಲ್ಲ. ಆ ಕೀರ್ತನೆ ದೇವರ ಸ್ತುತಿಗೆ ತಂತಿವಾದ್ಯವನ್ನು ಕರೆಯುತ್ತದೆ, ಕೊಳಲನ್ನು ಕರೆಯುತ್ತದೆ, ಝಣಝಣ ಬಡಿಯುವ ತಾಳವನ್ನೂ ಬಿಡುವುದಿಲ್ಲ. ಕೊನೆಗೆ ಉಸಿರಿರುವುದನ್ನೆಲ್ಲ ಕರೆಯುತ್ತದೆ. ಶ್ರುತಿ ಇರುವುದನ್ನು ಮಾತ್ರ ಎಂದು ಎಲ್ಲೂ ಹೇಳುವುದಿಲ್ಲ. ಆ ಸಾಲು ಬಂದಾಗ ಅವನು ಅತ್ತಿಗೆಯ ಕಡೆ ನೋಡಲಾರದೆ ಕಣ್ಣು ತಗ್ಗಿಸಿದ. ಆದರೆ ಹಾಡು ಮುಗಿದದ್ದೇ ತಡ, ಪಾದ್ರಿಗಳು ಬಂದು ಬೆನ್ನು ತಟ್ಟಿದರು, ಹೊರಗಿನವರು ಕೈ ಕುಲುಕಿದರು. ಹೊಗಳಿಕೆ ಯಾರಿಗೆ ಬೇಡ? ದೇವರಿಗೆಂದು ಹಾಡಿಸಿದ್ದನ್ನು ಇವನೇ ಜೇಬಿಗಿಳಿಸಿಕೊಂಡು ಮನೆಗೆ ಹೋದ.

ಒಂದು ತಿಂಗಳು ಕಳೆದಿರಬೇಕು, ಅಣ್ಣ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತ.

"ನಿಮ್ಮತ್ತಿಗೆ ಗಂಟಲಿಗೆ ಏನೋ ಆಗಿದೆ ಕಣೋ. ಅಡುಗೆಮನೆಯಲ್ಲಿ ಹಾಡಲ್ಲ. ಸಂಜೆ ಪ್ರಾರ್ಥನೆಲಿ ಕೀರ್ತನೆ ಓದೋವಾಗ ಬರೀ ತುಟಿ ಅಲ್ಲಾಡಿಸ್ತಾಳೆ. ಡಾಕ್ಟರು ಏನೂ ಇಲ್ಲ ಅಂದ್ರು. ನಂಗೆ ಭಯ ಆಗ್ತಿದೆ."

ಕೈಯಲ್ಲಿದ್ದ ರೀಡನ್ನು ಅವನು ಮೇಜಿನ ಮೇಲಿಟ್ಟ. ಸುಮ್ಮನಿದ್ದುಬಿಡಬಹುದಿತ್ತು, ಅವಳಂತೂ ಸತ್ತರೂ ಬಾಯಿ ಬಿಡುವವಳಲ್ಲ. ಆದರೆ ಅಣ್ಣನ ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪಿತ್ತು.

"ಗಂಟಲು ಸರಿಯಾಗಿದೆ ಅಣ್ಣ. ಹಾಡ್ಬೇಡಿ ಅಂತ ನಾನೇ ಹೇಳಿದ್ದು. ಒಂದು ದಿನದ ಮಟ್ಟಿಗೆ."

ಅಣ್ಣ ಹೊಸಿಲು ದಾಟಿ ಒಳಗೆ ಬಂದ. "ಅಮ್ಮ ಹೋದಾಗ ನೀನು ಮೂರು ತಿಂಗಳು ನಿದ್ದೆ ಮಾಡಿರಲಿಲ್ಲ. ಅವಳು ಹಾಡಿದ್ರೇನೇ ಕಣ್ಣು ಮುಚ್ತಿದ್ದೆ. ಆಗ ನಿನಗೆ ಶ್ರುತಿ ತಪ್ಪಿದ್ದು ಕೇಳಿಸ್ಲಿಲ್ವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾದೆ ಗೊತ್ತಿದ್ದು ಏನು ಬಂತು? ಅಂದು ಸಂಜೆಯೇ ಅಣ್ಣನ ಮನೆಗೆ ಹೋದ. ಅತ್ತಿಗೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅವಳ ಎದುರು ನೆಲದ ಮೇಲೆ ಕುಳಿತು, "ತಪ್ಪಾಯ್ತು ಅತ್ತಿಗೆ," ಎಂದ.

"ಯಾಕೋ? ನೀನು ಹೇಳಿದ್ದು ಸರಿಯಾಗೇ ಇದೆ. ಅಲ್ಲಿ ಕೆಟ್ಟದಾಗಿ ಕೇಳೋದು ಇಲ್ಲಿ ಚೆನ್ನಾಗಿ ಕೇಳುತ್ತಾ? ಅಲ್ಲೂ ಆ ದೇವರೇ, ಇಲ್ಲೂ ಅವನೇ. ಅವನ ಕಿವಿಗೆ ಯಾಕೆ ಸುಮ್ನೆ ತೊಂದರೆ."

ಅವನಿಗೆ ಅಳು ಬಂತು. ನಲವತ್ತು ದಾಟಿದ ಗಂಡಸು, ಅತ್ತಿಗೆಯ ಮುಂದೆ ಅಳುವುದಕ್ಕೆ ನಾಚಲಿಲ್ಲ. "ಅವನ ಕಿವಿಗಲ್ಲ ಅತ್ತಿಗೆ, ತೊಂದರೆ ಆಗಿದ್ದು ನನ್ನ ಕಿವಿಗೆ. ನನ್ನ ಮರ್ಯಾದೆಗೆ. ಇವತ್ತು ನೀವು ಹಾಡ್ಲೇಬೇಕು. ಜೋರಾಗಿ."

ಅಳಬೇಡ ಎಂದು ಅವನ ತಲೆ ಸವರಿ, ಅವಳು ಮಡಿಸುತ್ತಿದ್ದ ಟವೆಲಿನಲ್ಲೇ ಅವನ ಮುಖ ಒರೆಸಿದಳು. ಪುಸ್ತಕ ತೆಗೆದಳು. ಅದೇ ಕಟ್ಟಕಡೆಯ ಕೀರ್ತನೆ. ಅಣ್ಣ ಬಾಗಿಲ ಬಳಿ ಬಂದು ನಿಂತ.

ಅವಳು ಹಾಡಿದಳು. ದನಿ ಬಂತು; ಆದರೆ ಮಗು ಮಲಗಿರುವ ಕೋಣೆಯಲ್ಲಿ ನಡೆಯುವವರ ಹಾಗೆ, ಒಂದೊಂದೇ ಪದ ಮೆಲ್ಲಗೆ ಇಟ್ಟು, ಪ್ರತಿ ಪದಕ್ಕೂ ಅವನ ಹುಬ್ಬು ನೋಡುತ್ತ. ಅವನು ನಗಲು ಪ್ರಯತ್ನಿಸಿದ, ತಲೆಯಾಡಿಸಿದ, ಇನ್ನೂ ಜೋರಾಗಿ ಎಂದು ಕೈಯೆತ್ತಿದ. ವೃಂದದಲ್ಲಿ ಅವನು ಹಾಗೆ ಕೈಯೆತ್ತಿದಾಗಲೆಲ್ಲ ಯಾರೋ ತಪ್ಪಿರುತ್ತಿದ್ದರು.

ಅತ್ತಿಗೆ ತಟ್ಟನೆ ನಿಲ್ಲಿಸಿದಳು.

"ಜೋರಾಯ್ತಾ ಮಗು? ಇನ್ನೂ ಸ್ವಲ್ಪ ಕಮ್ಮಿ ಮಾಡ್ಲಾ?"